ನಿವೃತ್ತರ ಬಿಡುವು, ಬೀದಿನಾಯಿಗಳ ಪಾಡು



ಭದ್ರಾವತಿಯಲ್ಲಿ ನಿವೃತ್ತರಿಲ್ಲದ ಬೀದಿ ಸಿಗೋದು ಕಷ್ಟ. ವಿ.ಐ.ಎಸ್.ಎಲ್.ನಲ್ಲಿ ದುಡಿದು ಬಂದವರು, 2015ರಲ್ಲಿ ಯಂತ್ರ ನಿಂತ ಮೇಲೆ ಎಂ.ಪಿ.ಎಂ. ಬಿಟ್ಟವರು, ಶಿವಮೊಗ್ಗದ ಕಡೆಯ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು ಎಷ್ಟೋ ಮಂದಿ. ಅವರಲ್ಲಿ ಕೆಲವರಿಗೆ ಬೀದಿಯ ನಾಯಿ, ದನಗಳ ಮೇಲೆ ಮಮತೆ. ನಿಮ್ಮ ಮನೆಯ ಯಜಮಾನರೋ ಮಾವನವರೋ ಪ್ರಾಣಿ ರಕ್ಷಣೆಗೆ ಹೊರಟರೆ "ಇವರಿಗ್ಯಾಕೆ ಈ ವಯಸ್ಸಲ್ಲಿ" ಅನ್ನಬೇಡಿ. ಆದರೆ ಆ ಕೆಲಸ ಹೇಗೆ ಅಂತ ನಿಮಗೂ ಗೊತ್ತಿರಲಿ.

2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು-ಹೊಸೂರು ಪಂಚಾಯಿತಿ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂತಿದ್ದಾರೆ ಎಂಬ ಸುದ್ದಿ ನಿಮಗೆ ನೆನಪಿರಬಹುದು. ಶಿವಮೊಗ್ಗದ ಪ್ರಾಣಿ ರಕ್ಷಣೆಯ ಸ್ವಯಂಸೇವಕರು ದೂರು ಕೊಟ್ಟರು, ಪೊಲೀಸರು ಪ್ರಕರಣ ದಾಖಲಿಸಿದರು. ಹೀಗೆ ಕೊಲ್ಲುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅಪರಾಧ ಅನ್ನೋದು ಒಂದು ಕಡೆ ಇರಲಿ, ಅದರಿಂದ ಊರಿಗೆ ಉಪಯೋಗವೂ ಇಲ್ಲ. ಇದ್ದ ನಾಯಿ ಸತ್ತರೆ ಕಸ, ಎಂಜಲು ಹಾಗೇ ಇರುತ್ತೆ, ಪಕ್ಕದ ಬೀದಿಯವು ಬಂದು ಸೇರುತ್ತವೆ. ಹೆಣ್ಣುನಾಯಿ ಸುಮಾರು 63 ದಿನಕ್ಕೆ ಮರಿ ಹಾಕುತ್ತೆ, ವರ್ಷಕ್ಕೆ ಎರಡು ಸಲ ಹಾಕುವುದೂ ಉಂಟು. ಹೊಸದಾಗಿ ಬಂದವಕ್ಕೆ ಲಸಿಕೆ ಆಗಿದೆಯೋ ಇಲ್ಲವೋ ಯಾರಿಗೂ ತಿಳಿಯದು.

ಅದಕ್ಕೇ 2023ರ ನಿಯಮಗಳಲ್ಲಿ ಈ ಹೊಣೆಯನ್ನು ಪಾಲಿಕೆ, ನಗರಸಭೆ, ಪಂಚಾಯಿತಿಗಳಿಗೆ ಕೊಟ್ಟಿದ್ದಾರೆ. ನಾಯಿ ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿಸಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಲ್ಲಿ ಹಿಡಿದವನ್ನು ಮಾತ್ರ ಅಲ್ಲಿಗೆ ವಾಪಸು ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿತು. ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಆದರೆ ರೋಗ ಹರಡುವುದು ನಿಲ್ಲುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಇಲ್ಲೇ ನಿವೃತ್ತರು ಬೇಕಾಗೋದು. ಬಲೆ ಹಿಡಿದು ಓಡುವ ಕೆಲಸ ಅವರದ್ದಲ್ಲ, ಅದು ತರಬೇತಾದವರಿಗೆ ಬಿಡಿ. ಬೀದಿಯಲ್ಲಿ ಎಷ್ಟು ನಾಯಿ, ಯಾವುದು ಹೆಣ್ಣು, ಯಾವುದರ ಕಿವಿಯಲ್ಲಿ ಚಿಕಿತ್ಸೆಯ ಗುರುತಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ದಿನಾ ಒಂದೇ ಹೊತ್ತಿಗೆ ಅನ್ನ ಹಾಕಿದರೆ ನಾಯಿ ಹತ್ತಿರ ಬರುತ್ತೆ, ಲಸಿಕೆಯ ದಿನ ಹಿಡಿಯಲು ಸುಲಭ. ಅನ್ನ ಹಾಕುವುದು ಸ್ಥಳೀಯ ಆಡಳಿತ ಗೊತ್ತುಮಾಡಿದ ಜಾಗದಲ್ಲೇ ಆಗಬೇಕು. ಅಂಗನವಾಡಿ ಬಾಗಿಲಲ್ಲಿ, ಮಕ್ಕಳು ಆಡುವ ಕಡೆ ಬೇಡವೇ ಬೇಡ. ಕಚೇರಿಗೆ ಅರ್ಜಿ ಹಿಡಿದು ನಾಲ್ಕು ಸಲ ಅಲೆಯುವ ತಾಳ್ಮೆಯೂ ಇವರಿಗೇ ಇರೋದು. ಗಾಯಗೊಂಡ ಪ್ರಾಣಿ ಕಂಡರೆ 1962ಕ್ಕೆ ಫೋನ್ ಮಾಡಬಹುದು. ಶಿವಮೊಗ್ಗದವರಿಗೆ ವಿನೋಬನಗರದ ಪಶುವೈದ್ಯಕೀಯ ಕಾಲೇಜು ಹತ್ತಿರವಿದೆ.

ನೋವಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತೆ. ಮುಟ್ಟುವ ಮುಂಚೆ ಬಾಯಿಗೆ ಬಟ್ಟೆ ಕಟ್ಟಬೇಕು, ಗೋಣಿಚೀಲದ ಮೇಲೆ ಮಲಗಿಸಿ ಎತ್ತಬೇಕು. ಹುಳ ಬಿದ್ದ ಗಾಯಕ್ಕೆ ಫಿನಾಯಿಲ್, ಸೀಮೆಎಣ್ಣೆ ಸುರಿಯಬಾರದು. ಈ ಕೆಲಸಕ್ಕೆ ಇಳಿಯುವವರು ವೈದ್ಯರನ್ನು ಕೇಳಿ ಮೊದಲೇ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಲಿ. ಸಕ್ಕರೆ ಕಾಯಿಲೆ ಇದ್ದವರು ಅದನ್ನೂ ಹೇಳಲಿ.

ಇಷ್ಟೆಲ್ಲ ಆದರೂ ಕಚ್ಚಿತು ಅನ್ನಿ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಕಾಫಿಪುಡಿ ಮೆತ್ತಬೇಡಿ, ನಾಟಿ ಔಷಧಿ ನಂಬಿ ಕೂರಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಇದೆ. ಚುಚ್ಚುಮದ್ದಿನ ಚೀಟಿಯಲ್ಲಿ ಬರೆದ ತಾರೀಖು ಒಂದನ್ನೂ ತಪ್ಪಿಸಬೇಡಿ. ಮರಿನಾಯಿ ಪರಚಿದ್ದು ಅಂತ ಮಕ್ಕಳು ಮುಚ್ಚಿಡುತ್ತಾರೆ, ಕೇಳಿ ತಿಳಿದುಕೊಳ್ಳಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ, ವಿಶ್ವ ಪ್ರಾಣಿ ದಿನವೂ ಅಂದೇ. ಆ ವಾರದ ಸಂಘದ ಸಭೆಗೆ ನಿಮ್ಮ ಬೀದಿಯ ನಿವೃತ್ತರೊಬ್ಬರನ್ನು ಕರೆಯಿರಿ. ಉಳಿತಾಯದ ಲೆಕ್ಕ ಮುಗಿದ ಮೇಲೆ ನಾಯಿಗಳ ಪಟ್ಟಿ ಮಾಡಿ, ಲಸಿಕೆ ಹಾಕಿಸಿಕೊಡಿ ಎಂದು ನಗರಸಭೆಗೋ ಪಾಲಿಕೆಗೋ ಅರ್ಜಿ ಬರೆದು ಎಲ್ಲರೂ ಸಹಿ ಹಾಕಿ. ಅರ್ಜಿಯ ನಕಲಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.