ತೊಟ್ಟಿಯ ಎರೆಹುಳ ತೊಟ್ಟಿಯಲ್ಲೇ ಇರಲಿ: ಹೊರಗಿನ ಹುಳ ಕಾಡು ಸೇರಿದರೆ ಏನಾಗುತ್ತದೆ?

ಸಾರವಾಡ: ಡೋಣಿ ದಂಡೆಯ ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನ ಎರೆಹುಳ ಕಂಡರೆ ರೈತರಿಗೆ ಖುಷಿ. ‘ರೈತನ ಮಿತ್ರ’ ಅಂತ ಶಾಲೆಯಲ್ಲೂ ಕಲಿಸುತ್ತಾರೆ. ಆದರೆ ಇದೇ ಹುಳ ಕೆಲವು ದೇಶಗಳ ಕಾಡಿನಲ್ಲಿ ಗಿಡ-ಮರಗಳಿಗೆ ಕುತ್ತು ತಂದಿದೆ. ‘ಹುಳ ಅಂದ್ರ ಹುಳ, ಅದ್ರಾಗೇನು ಭೇದ’ ಎನ್ನುವವರು ಈ ವಿಷಯ ತಿಳಿದುಕೊಳ್ಳುವುದು ಒಳ್ಳೆಯದು.

ತೊಟ್ಟಿಯಲ್ಲಿರುವುದು ಯಾವ ಹುಳ?

ಗೊಬ್ಬರಕ್ಕೆ ಹೆಚ್ಚಾಗಿ ಬಳಸುವ ಯುಡ್ರಿಲಸ್ ಯುಜೀನಿಯೆ ಪಶ್ಚಿಮ ಆಫ್ರಿಕಾದ್ದು. ಐಸೀನಿಯಾ ಫೆಟಿಡಾ ಯುರೋಪಿನದು. ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಮಾತ್ರ ನಮ್ಮ ಏಷ್ಯಾ ಭಾಗದ್ದು. ಇವು ಸಗಣಿ, ಕೊಳೆತ ಎಲೆಯಲ್ಲಿ ಮೇಲ್ಮೇಲೆ ಬದುಕುವ ಹುಳಗಳು, ಮಣ್ಣಿನ ಆಳಕ್ಕೆ ಇಳಿಯುವುದಿಲ್ಲ. ದುಡ್ಡು ಕೊಟ್ಟು ತಂದು ಒಣಬೇಸಾಯದ ಹೊಲಕ್ಕೆ ಬಿಟ್ಟರೆ ಬೇಸಿಗೆಯಲ್ಲಿ ಎರೆಮಣ್ಣು ಬಿರುಕು ಬಿಟ್ಟಾಗ ಉಳಿಯುವುದು ಕಷ್ಟ. ಹೊಲ ಉಳುವ ಕೆಲಸ ಅಲ್ಲಿಯದೇ ಹುಳದ್ದು.

ಅಮೆರಿಕದ ಕಾಡಿನ ಪಾಠ

ಉತ್ತರ ಅಮೆರಿಕದ ಉತ್ತರ ಭಾಗವನ್ನು ಹಿಂದೆ ಹಿಮದ ಹಾಸು ಮುಚ್ಚಿತ್ತು. ಅದು ಕರಗಿ 10 ಸಾವಿರ ವರ್ಷದ ಮೇಲಾದರೂ ಅಲ್ಲಿನ ಕಾಡುಗಳಲ್ಲಿ ಎರೆಹುಳವೇ ಇರಲಿಲ್ಲ. ಉದುರಿದ ಎಲೆ ನಿಧಾನಕ್ಕೆ ಕೊಳೆತು ದಪ್ಪ ಹಾಸಿಗೆಯಾಗಿತ್ತು. ಬೀಜ ಮೊಳೆಯುವುದು, ಎಳೆ ಬೇರು ತಂಪಾಗಿರುವುದು, ಬೇರಿಗೆ ನೆರವಾಗುವ ಶಿಲೀಂಧ್ರ ಬೆಳೆಯುವುದು ಎಲ್ಲ ಅದರೊಳಗೇ.

ಯುರೋಪಿನಿಂದ ವಲಸೆ ಬಂದವರ ಗಿಡ, ಮಣ್ಣಿನ ಜೊತೆ ಹುಳಗಳು ಅಲ್ಲಿಗೆ ಬಂದವು. ಮೀನು ಹಿಡಿಯುವವರು ಗಾಳಕ್ಕೆ ತಂದು, ಉಳಿದಿದ್ದನ್ನು ಕೆರೆ ದಂಡೆಯಲ್ಲಿ ಚೆಲ್ಲಿದರು. ಹುಳ ತಾನಾಗಿ ಹರಡುವುದು ವರ್ಷಕ್ಕೆ 5ರಿಂದ 10 ಮೀಟರ್ ಅಷ್ಟೇ. ದೂರಕ್ಕೆ ಒಯ್ದದ್ದು ಮನುಷ್ಯ.

ಈ ಹುಳಗಳು ಎಲೆ ಹಾಸಿಗೆಯನ್ನು ಕೆಲವೇ ವರ್ಷಗಳಲ್ಲಿ ತಿಂದು ಮಣ್ಣಿಗೆ ಬೆರೆಸಿದವು. ನೆಲ ಬರಿದಾಯಿತು. ಸಕ್ಕರೆ ಮೇಪಲ್ ಮರದ ಸಸಿ, ಟ್ರಿಲಿಯಂನಂಥ ಕಾಡುಹೂವಿನ ಗಿಡ ಕಡಿಮೆಯಾದವು. ಆ ಜಾಗಕ್ಕೆ ಹುಲ್ಲಿನ ಜಾತಿಯ ಗಿಡ, ಹೊರಗಿನ ಕಳೆ ಬಂದವು. ಮಿನ್ನೆಸೋಟ ರಾಜ್ಯದಲ್ಲಿ ಗಾಳದ ಹುಳ ಕಾಡಿನಲ್ಲಿ ಚೆಲ್ಲಬೇಡಿ ಎಂದು ಪ್ರಚಾರವನ್ನೇ ಮಾಡುತ್ತಾರೆ.

ಪಶ್ಚಿಮ ಘಟ್ಟದಲ್ಲೂ ಹೊರಗಿನ ಹುಳ

ನಮ್ಮ ದೇಶದ ಕಥೆ ಬೇರೆ. ಇಲ್ಲಿ ಮೊದಲಿನಿಂದಲೂ ನೂರಾರು ಜಾತಿಯ ಎರೆಹುಳಗಳಿವೆ. ಅವುಗಳಲ್ಲಿ ಕೆಲವು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಕಾಡು ಕಡಿದು ತೋಟ ಮಾಡಿದ ಕಡೆ ಅವು ಕಡಿಮೆಯಾಗಿ, ದಕ್ಷಿಣ ಅಮೆರಿಕ ಮೂಲದ ಪಾಂಟೋಸ್ಕೋಲೆಕ್ಸ್ ಕೊರೆತ್ರೂರಸ್ ಹೆಚ್ಚಾಗಿದೆ. ಇದಕ್ಕೆ ಜೋಡಿ ಬೇಕಿಲ್ಲ, ಒಂದೇ ಹುಳ ಸಂತತಿ ಬೆಳೆಸಬಲ್ಲದು. ಬ್ರೆಜಿಲ್‌ನಲ್ಲಿ ಅಮೆಜಾನ್ ಕಾಡು ಕಡಿದು ಹುಲ್ಲುಗಾವಲು ಮಾಡಿದ ಜಾಗದಲ್ಲಿ ಇದೇ ಹುಳ ವಿಪರೀತವಾಗಿ, ಮೇಲ್ಮಣ್ಣು ಗಟ್ಟಿಯಾಗಿ ನೀರು ಇಂಗದಂತಾದ ಉದಾಹರಣೆ ಇದೆ.

ಬಬಲೇಶ್ವರ, ತಿಕೋಟಾ ಭಾಗಕ್ಕೇನು ಸಂಬಂಧ?

ಈ ಭಾಗದ ಒಣ ಹವೆಯೇ ಹೊರಗಿನ ಹುಳಕ್ಕೆ ದೊಡ್ಡ ತಡೆ. ಆದರೆ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು, ಹನಿ ನೀರಾವರಿಯ ದ್ರಾಕ್ಷಿ, ದಾಳಿಂಬೆ ತೋಟಗಳಿಂದ ವರ್ಷವಿಡೀ ಹಸಿ ಇರುವ ಜಾಗ ಹೆಚ್ಚಿವೆ. ಮೊದಲೇ ಕಾಡು ಕಡಿಮೆ ಇರುವ ಜಿಲ್ಲೆ ಇದು. ಮಮದಾಪುರದ ಅರಣ್ಯದಂಥ ಜಾಗಕ್ಕೆ ದೂರದ ನರ್ಸರಿಯ ಸಸಿ ಒಯ್ದರೆ ಪ್ಲಾಸ್ಟಿಕ್ ಚೀಲದ ಮಣ್ಣಿನ ಜೊತೆ ಹುಳವೂ, ಅದರ ಮೊಟ್ಟೆಕೋಶವೂ ಹೋಗಬಹುದು. ಒಮ್ಮೆ ನೆಲೆಯೂರಿದ ಹುಳವನ್ನು ಕಾಡಿನಿಂದ ಆರಿಸಿ ತೆಗೆಯುವ ದಾರಿ ಇಲ್ಲ.

ಏನು ಮಾಡಬೇಕು?

* ಗೊಬ್ಬರ ತೆಗೆಯುವ ನಾಲ್ಕೈದು ದಿನ ಮೊದಲು ತೊಟ್ಟಿಗೆ ನೀರು ಹಾಕುವುದನ್ನು ನಿಲ್ಲಿಸಿ, ಗೊಬ್ಬರ ಗುಡ್ಡೆ ಮಾಡಿ. ಹುಳ ಕೆಳಗಿಳಿಯುತ್ತವೆ. ಮೇಲಿನ ಗೊಬ್ಬರ ತೆಗೆದು ಜರಡಿ ಹಿಡಿಯಿರಿ.
* ಜರಡಿ ಹಿಡಿದರೂ ಸಣ್ಣ ಮೊಟ್ಟೆಕೋಶ ಉಳಿಯುತ್ತವೆ. ಹಾಗಾಗಿ ಈ ಗೊಬ್ಬರ ಹೊಲ, ತೋಟ, ಮನೆ ಕುಂಡಕ್ಕಿರಲಿ, ಕಾಡಿನ ಸಸಿಗೆ ಬೇಡ.
* ಹೆಚ್ಚಾದ ಹುಳ ಹಳ್ಳಕ್ಕೆ, ಗುಡ್ಡಕ್ಕೆ ಚೆಲ್ಲಬೇಡಿ. ಬೇರೆಯವರ ತೊಟ್ಟಿಗೆ ಕೊಡಿ, ಇಲ್ಲವೇ ಕೋಳಿಗೆ ಹಾಕಿ.
* ಗೊಬ್ಬರ, ಸಸಿ ಮಾರುವ ಅಂಗಡಿಯವರು ಜರಡಿ ಹಿಡಿದ ಮಾಲನ್ನೇ ತರಿಸಲಿ.
* ಹೊಲದಲ್ಲಿ ಎರೆಹುಳ ಬೇಕೆಂದರೆ ಹುಳ ಕೊಳ್ಳಬೇಕಿಲ್ಲ. ಕಬ್ಬಿನ ರವದಿ, ತೊಗರಿ ಹೊಟ್ಟು ಸುಡದೆ ನೆಲಕ್ಕೆ ಹಾಸಿ, ಕೊಟ್ಟಿಗೆ ಗೊಬ್ಬರ ಹಾಕಿ. ನೆರಳು, ತಂಪು, ತಿನ್ನಲು ಕಸ-ಕಡ್ಡಿ ಇದ್ದರೆ ಎರೆ ನೆಲದ ಹುಳ ತಾನಾಗಿಯೇ ಹೆಚ್ಚುತ್ತದೆ.