ಒಂದು ಸಂಗ್ರಹ, ಹಲವು ನೋಟ

ಸಂಗ್ರಹಿಸುವುದು ಮಾನವನ ಹುಟ್ಟುಗುಣ. ಧಾನ್ಯವನ್ನು ಕಣಜದಲ್ಲಿಯೂ ಧನವನ್ನು ಪೆಟ್ಟಿಗೆಯಲ್ಲಿಯೂ ಕೂಡಿಡುವಂತೆ ಅವನು ತಿಳಿವಳಿಕೆಯನ್ನು ಬರೆಹದಲ್ಲಿ ಕೂಡಿಡುತ್ತ ಬಂದಿದ್ದಾನೆ. ಆದರೆ ಧಾನ್ಯಕ್ಕೂ ತಿಳಿವಳಿಕೆಗೂ ಒಂದು ವ್ಯತ್ಯಾಸವುಂಟು. ಕಣಜದಿಂದ ಯಾವ ಹಿಡಿ ಭತ್ತವನ್ನು ತೆಗೆದರೂ ಅನ್ನವಾಗುತ್ತದೆ. ಟಿಪ್ಪಣಿಗಳ ರಾಶಿಯಲ್ಲಾದರೋ ಬೇಕಾದ ಟಿಪ್ಪಣಿ ಬೇಕಾದ ಹೊತ್ತಿಗೆ ದೊರೆಯದಿದ್ದರೆ ಉಳಿದ ಸಾವಿರ ಟಿಪ್ಪಣಿಗಳಿದ್ದೂ ಇಲ್ಲದಂತೆ. ಆದುದರಿಂದ ಕೂಡಿಡುವ ವಿದ್ಯೆಯ ಬೆನ್ನಲ್ಲಿಯೇ ವಿಂಗಡಿಸುವ ವಿದ್ಯೆಯೂ ಬೆಳೆಯಿತು.

ವಿಂಗಡಣೆಯ ಮೊದಲ ತೊಡಕು ಸ್ಥಳಕ್ಕೆ ಸಂಬಂಧಿಸಿದ್ದು. ಒಂದು ವಸ್ತು ಏಕಕಾಲದಲ್ಲಿ ಎರಡು ಕಡೆ ಇರಲಾರದು. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ. ಅವರದೇ ‘ಯಕ್ಷಗಾನ ಬಯಲಾಟ’ ಒಂದು ಕಲೆಯನ್ನು ಕುರಿತ ಶಾಸ್ತ್ರೀಯ ಗ್ರಂಥ. ವಿಷಯಾನುಸಾರವಾಗಿ ಜೋಡಿಸಿದರೆ ಇವೆರಡೂ ಬೇರೆ ಬೇರೆ ಕಪಾಟುಗಳಿಗೆ ಹೋಗುತ್ತವೆ. ಲೇಖಕಾನುಸಾರವಾಗಿ ಜೋಡಿಸಿದರೆ ಒಂದೆಡೆ ಸೇರುತ್ತವೆ. ಕಪಾಟು ಒಂದೇ ಕ್ರಮವನ್ನು ಒಪ್ಪಿಕೊಳ್ಳಬಲ್ಲುದು. ಒಬ್ಬ ಓದುಗನಿಗೆ ಅನುಕೂಲವಾದ ಕ್ರಮ ಇನ್ನೊಬ್ಬನಿಗೆ ಅನನುಕೂಲವಾಗುವುದು ಅನಿವಾರ್ಯ.

ಈ ತೊಡಕನ್ನು ಗ್ರಂಥಾಲಯಗಳು ಒಂದು ಸರಳ ಉಪಾಯದಿಂದ ನಿವಾರಿಸಿಕೊಂಡವು. ಪುಸ್ತಕವನ್ನು ಒಂದೇ ಕಡೆ ಇಟ್ಟು, ಅದರ ವಿವರಗಳನ್ನು ಬರೆದ ಚೀಟಿಗಳನ್ನು ಮಾತ್ರ ಹಲವು ಕ್ರಮಗಳಲ್ಲಿ ಜೋಡಿಸುವುದೇ ಆ ಉಪಾಯ. ಲೇಖಕನ ಹೆಸರಿಗೊಂದು ಚೀಟಿ, ಪುಸ್ತಕದ ಹೆಸರಿಗೊಂದು ಚೀಟಿ, ವಿಷಯಕ್ಕೊಂದು ಚೀಟಿ. ಓದುಗನು ಯಾವ ದಾರಿಯಿಂದ ಬಂದರೂ ಒಂದೇ ಪುಸ್ತಕವನ್ನು ಮುಟ್ಟುವನು. ಭಾರತದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರು ಈ ವಿಚಾರವನ್ನು ಇನ್ನಷ್ಟು ಆಳಕ್ಕೆ ಒಯ್ದರು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು 1933ರಲ್ಲಿ ‘ಕೋಲನ್ ವರ್ಗೀಕರಣ’ ಎಂಬ ಪದ್ಧತಿಯನ್ನು ಪ್ರಕಟಿಸಿದರು. ಒಂದು ವಿಷಯಕ್ಕೆ ಒಂದೇ ಮುಖವಲ್ಲ, ಹಲವು ಮುಖಗಳಿವೆ. ಮೊದಲು ಆ ಮುಖಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಆಮೇಲೆ ಕೂಡಿಸಬೇಕು ಎಂಬುದೇ ಅದರ ತಿರುಳು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು ಅಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ನಿಧನರಾದರು.

ಚೀಟಿಗಳಿಗೂ ಒಂದು ಮಿತಿಯುಂಟು. ಹೊಸದೊಂದು ಕ್ರಮ ಬೇಕೆನಿಸಿದರೆ ಅಷ್ಟೂ ಚೀಟಿಗಳನ್ನು ಮತ್ತೆ ಬರೆಯಬೇಕು. ಗಣಕಯಂತ್ರವು ಈ ಶ್ರಮವನ್ನು ನಿವಾರಿಸಿತು. ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ಇಂಗ್ಲೆಂಡ್ ಮೂಲದ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ, ಮಾಹಿತಿಯನ್ನು ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕಗಳಲ್ಲಿ ಇಡಬೇಕೆಂದೂ, ಅದನ್ನು ಬಳಸುವವನು ಯಂತ್ರದೊಳಗೆ ಅದು ಹೇಗೆ ಕುಳಿತಿದೆಯೆಂಬುದನ್ನು ಅರಿಯಬೇಕಾಗಿಲ್ಲವೆಂದೂ ಪ್ರತಿಪಾದಿಸಿದನು. ಇಂಥ ಕೋಷ್ಟಕಗಳ ಸಮೂಹಕ್ಕೆ ದತ್ತಸಂಚಯವೆಂದು ಹೆಸರು. ಮೂಲ ಕೋಷ್ಟಕ ಒಂದೇ ಆಗಿದ್ದರೂ, ಕೇಳಿದ ಪ್ರಶ್ನೆಗೆ ತಕ್ಕಂತೆ ಅದು ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಳ್ಳಬಲ್ಲುದು. ಹೀಗೆ ಕಾಣಿಸುವ ರೂಪವೇ ‘ನೋಟ’. ಕಾಡ್‌ನ ಈ ಕಾರ್ಯಕ್ಕೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಬಹುಕಾಲ ದೊಡ್ಡ ಕಚೇರಿಗಳ ಸ್ವತ್ತಾಗಿದ್ದ ಈ ಸೌಕರ್ಯ ಈಗ ಸಾಮಾನ್ಯ ವಿದ್ಯಾರ್ಥಿಯ ಕೈಗೂ ಬಂದಿದೆ. ನೋಷನ್ ಮೊದಲಾದ ಟಿಪ್ಪಣಿ ತಂತ್ರಾಂಶಗಳಲ್ಲಿ ಪ್ರತಿಯೊಂದು ಟಿಪ್ಪಣಿಗೂ ಕೆಲವು ಲಕ್ಷಣಗಳನ್ನು ಲಗತ್ತಿಸಿ, ಆ ಲಕ್ಷಣಗಳ ಆಧಾರದ ಮೇಲೆ ಟಿಪ್ಪಣಿಗಳನ್ನು ಗುಂಪುಗೂಡಿಸಿ ನೋಡಬಹುದು. ಒಬ್ಬ ವಿದ್ಯಾರ್ಥಿನಿ ತನ್ನ ಊರಿನ ಮರಗಳನ್ನು ಕುರಿತು ಇಂಥ ಒಂದು ಸಂಗ್ರಹವನ್ನು ಮಾಡಿದಳೆಂದು ಭಾವಿಸಬಹುದು. ಒಂದೊಂದು ಮರಕ್ಕೂ ಒಂದೊಂದು ಟಿಪ್ಪಣಿ. ಅದರಲ್ಲಿ ಮರದ ಜಾತಿ, ಇರುವ ಸ್ಥಳ, ಹೂಬಿಡುವ ತಿಂಗಳು, ಉಪಯೋಗ, ಆರೋಗ್ಯ ಎಂಬ ಲಕ್ಷಣಗಳು. ಸ್ಥಳದಿಂದ ಗುಂಪುಗೂಡಿಸಿದರೆ ಕೆರೆಯ ಏರಿಯ ಮರಗಳು, ಶಾಲೆಯ ಅಂಗಳದ ಮರಗಳು, ರಸ್ತೆಬದಿಯ ಮರಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಹೂಬಿಡುವ ತಿಂಗಳಿನಿಂದ ಗುಂಪುಗೂಡಿಸಿದರೆ ಅವೇ ಮರಗಳು ಋತುಚಕ್ರದಂತೆ ಸಾಲುಗೊಳ್ಳುತ್ತವೆ. ಸ್ಥಳದ ಗುಂಪಿನೊಳಗೆ ಆರೋಗ್ಯದ ಉಪಗುಂಪನ್ನು ಮಾಡಿದರೆ ಯಾವ ರಸ್ತೆಯಲ್ಲಿ ಎಷ್ಟು ಮರಗಳು ಒಣಗುತ್ತಿವೆಯೆಂಬುದು ಒಮ್ಮೆಗೇ ಗೋಚರಿಸುತ್ತದೆ. ಇಷ್ಟಾದರೂ ಒಂದು ಟಿಪ್ಪಣಿಯೂ ಎರಡು ಬಾರಿ ಬರೆಯಲ್ಪಟ್ಟಿಲ್ಲ.

ಇಲ್ಲಿ ಕೆಲವು ಸೂಕ್ಷ್ಮಗಳನ್ನು ಗಮನಿಸಬೇಕು. ಹೊಂಗೆಯ ಮರ ನೆರಳನ್ನೂ ಕೊಡುತ್ತದೆ, ಎಣ್ಣೆಯ ಬೀಜವನ್ನೂ ಕೊಡುತ್ತದೆ. ಆದುದರಿಂದ ಉಪಯೋಗವೆಂಬ ಲಕ್ಷಣಕ್ಕೆ ಒಂದಕ್ಕಿಂತ ಹೆಚ್ಚು ಬೆಲೆಗಳನ್ನು ಬರೆದಿದ್ದರೆ ಆ ಮರ ಎರಡು ಗುಂಪುಗಳಲ್ಲಿಯೂ ಕಾಣಿಸುತ್ತದೆ. ಇದನ್ನು ಮರೆತು ಗುಂಪುಗಳ ಎಣಿಕೆಗಳನ್ನು ಕೂಡಿಸಿದರೆ ಊರಿನಲ್ಲಿರುವುದಕ್ಕಿಂತ ಹೆಚ್ಚು ಮರಗಳು ಲೆಕ್ಕಕ್ಕೆ ಬರುವುವು. ಇನ್ನು, ನೋಟವೆಂಬುದು ನೆರಳಲ್ಲ, ಕಿಟಕಿ. ಒಂದು ಟಿಪ್ಪಣಿಯನ್ನು ‘ಆರೋಗ್ಯವಂತ’ ಎಂಬ ಗುಂಪಿನಿಂದ ಎಳೆದು ‘ಒಣಗುತ್ತಿರುವುದು’ ಎಂಬ ಗುಂಪಿಗೆ ಹಾಕಿದರೆ ಮೂಲದಲ್ಲಿಯೇ ಅದರ ಲಕ್ಷಣ ಬದಲಾಗುತ್ತದೆ; ಒಂದು ನೋಟದಲ್ಲಿ ಅಳಿಸಿದ ಟಿಪ್ಪಣಿ ಎಲ್ಲ ನೋಟಗಳಿಂದಲೂ ಮಾಯವಾಗುತ್ತದೆ. ಬೇಡವಾದ ಗುಂಪನ್ನು ಕಣ್ಣಿಗೆ ಬೀಳದಂತೆ ಮರೆಮಾಡುವುದು ಬೇರೆ, ಅಳಿಸುವುದು ಬೇರೆ.

ಗುಂಪುಗೂಡಿಸುವ ಕ್ರಮವನ್ನು ಆರಿಸುವುದು ಕೇವಲ ಅನುಕೂಲದ ಅಥವಾ ಅಂದದ ಮಾತೆಂದು ತೋರಬಹುದು. ಅದು ಜೀವನ್ಮರಣದ ಪ್ರಶ್ನೆಯೂ ಆಗಬಹುದೆಂಬುದಕ್ಕೆ, ಗಣಕಯಂತ್ರಗಳು ಹುಟ್ಟುವುದಕ್ಕೆ ಒಂದು ಶತಮಾನದಷ್ಟು ಹಿಂದೆ ಲಂಡನ್ ನಗರದಲ್ಲಿ ನಡೆದ ಘಟನೆ ಸಾಕ್ಷಿಯಾಗಿದೆ.

1848–49ರಲ್ಲಿ ಇಂಗ್ಲೆಂಡಿನಲ್ಲಿ ಕಾಲರಾ ಬೇನೆ ಹರಡಿ ಸಹಸ್ರಾರು ಜನರು ಮಡಿದರು. ಜನನ ಮರಣ ನೋಂದಣಿಯ ಕೇಂದ್ರ ಕಚೇರಿಯಲ್ಲಿದ್ದ ವಿಲಿಯಂ ಫಾರ್ ಎಂಬ ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞನು ಲಂಡನ್ನಿನ ಸಾವುಗಳನ್ನು, ಥೇಮ್ಸ್ ನದಿಯ ಮಟ್ಟದಿಂದ ಆಯಾ ಬಡಾವಣೆಗಳು ಎಷ್ಟು ಎತ್ತರದಲ್ಲಿವೆಯೆಂಬುದರ ಮೇಲೆ ಗುಂಪುಗೂಡಿಸಿ 1852ರಲ್ಲಿ ವರದಿಯನ್ನು ಪ್ರಕಟಿಸಿದನು. ಎತ್ತರ ಹೆಚ್ಚಿದಂತೆ ಸಾವಿನ ಪ್ರಮಾಣ ಇಳಿಯುತ್ತಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಗ್ಗಿನ ನೆಲದ ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂಬ ಅಂದಿನ ನಂಬಿಕೆಗೆ ಆ ಕೋಷ್ಟಕ ಬಲವನ್ನು ಕೊಟ್ಟಿತು.

ಜಾನ್ ಸ್ನೋ ಎಂಬ ವೈದ್ಯನ ಅಭಿಪ್ರಾಯ ಬೇರೆಯಾಗಿತ್ತು. ರೋಗವು ಕುಡಿಯುವ ನೀರಿನಿಂದ ಹರಡುತ್ತದೆಂದು ಅವನು ನಂಬಿದ್ದನು. 1854ರಲ್ಲಿ ಬೇನೆ ಮರುಕಳಿಸಿದಾಗ ಸಾವುಗಳನ್ನು ಮನೆಗೆ ಬರುವ ನೀರಿನ ಮೇಲೆ ಗುಂಪುಗೂಡಿಸಲು ಅವನು ನಿಶ್ಚಯಿಸಿದನು. ದಕ್ಷಿಣ ಲಂಡನ್ನಿನ ಹಲವು ಬೀದಿಗಳಲ್ಲಿ ಎರಡು ಕಂಪನಿಗಳ ನೀರಿನ ಕೊಳವೆಗಳು ಜೊತೆಜೊತೆಯಾಗಿ ಹಾದುಹೋಗಿದ್ದವು. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯು ನಗರದ ಕೊಳಚೆ ಸೇರಿದ ಥೇಮ್ಸ್ ನೀರನ್ನೇ ಒದಗಿಸುತ್ತಿತ್ತು. ಲ್ಯಾಂಬೆತ್ ಕಂಪನಿಯು 1852ರಲ್ಲಿ ತನ್ನ ನೀರೆತ್ತುವ ಸ್ಥಾನವನ್ನು ನಗರದ ಮೇಲ್ಭಾಗದ ಥೇಮ್ಸ್ ಡಿಟನ್ನಿಗೆ ಬದಲಾಯಿಸಿತ್ತು. ಅಕ್ಕಪಕ್ಕದ ಮನೆಗಳಿಗೆ ಗಾಳಿ ಒಂದೇ, ನೆಲದ ಎತ್ತರ ಒಂದೇ. ನೀರು ಮಾತ್ರ ಬೇರೆ.

ಆದರೆ ಮರಣದ ದಾಖಲೆಗಳಲ್ಲಿ ನೀರಿನ ಕಂಪನಿಯನ್ನು ತಿಳಿಸುವ ಅಂಕಣವೇ ಇರಲಿಲ್ಲ. ಇಲ್ಲದ ಅಂಕಣದಿಂದ ಗುಂಪುಗೂಡಿಸುವುದೆಂತು? ಸ್ನೋ ಸಾವು ಸಂಭವಿಸಿದ ಮನೆಗಳಿಗೆ ತಾನೇ ನಡೆದುಹೋಗಿ ವಿಚಾರಿಸಿದನು. ಮತ್ತೊಬ್ಬ ವೈದ್ಯನ ನೆರವನ್ನೂ ಪಡೆದನು. ಬಾಡಿಗೆಯವರಿಗೆ ಕಂಪನಿಯ ಹೆಸರು ತಿಳಿಯದಿದ್ದಾಗ ನೀರಿನಲ್ಲಿರುವ ಉಪ್ಪಿನಂಶವನ್ನು ಪರೀಕ್ಷಿಸಿ ನಿರ್ಣಯಿಸಿದನು. ಆ ವರ್ಷದ ಆಗಸ್ಟ್ ತಿಂಗಳ ಕೊನೆಯಿಂದ, ಕಾಲರಾದಿಂದ ಸತ್ತವರ ಮನೆಯ ನೀರಿನ ಮೂಲವನ್ನೂ ವರದಿ ಮಾಡಬೇಕೆಂದು ಫಾರ್ ದಕ್ಷಿಣ ಭಾಗದ ನೋಂದಣಿ ಅಧಿಕಾರಿಗಳಿಗೆ ಸೂಚಿಸಿದನು. ಬೇರೆ ಮತವನ್ನು ಹೊಂದಿದ್ದರೂ ಪ್ರಶ್ನೆಗೆ ಬೇಕಾದ ಅಂಕಣವನ್ನು ಸೇರಿಸಲು ಹಿಂಜರಿಯದ ಅವನ ನಡತೆ ಶ್ಲಾಘ್ಯವಾದುದು.

ಬೇನೆಯ ಮೊದಲ ಏಳು ವಾರಗಳ ಲೆಕ್ಕ ಹೀಗಿತ್ತು: ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯ 40,046 ಮನೆಗಳಲ್ಲಿ 1,263 ಸಾವುಗಳು, ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98 ಸಾವುಗಳು. ಅಂದರೆ ಹತ್ತು ಸಾವಿರ ಮನೆಗಳಿಗೆ ಮೊದಲನೆಯದರಲ್ಲಿ 315, ಎರಡನೆಯದರಲ್ಲಿ 37. ಎತ್ತರದಿಂದ ಗುಂಪುಗೂಡಿಸಿದಾಗ ಅಡಗಿದ್ದ ಸತ್ಯ ನೀರಿನಿಂದ ಗುಂಪುಗೂಡಿಸಿದಾಗ ಹೊರಬಿದ್ದಿತು. 1858ರಲ್ಲಿ ಸ್ನೋ ತೀರಿಕೊಂಡನು. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾ ತಲೆದೋರಿದಾಗ ಫಾರ್ ತಾನೇ ನೀರು ಸರಬರಾಜಿನ ಮೂಲವನ್ನು ಶೋಧಿಸಿ, ದೋಷ ಅಲ್ಲಿಯೇ ಇದೆಯೆಂಬುದನ್ನು ತೋರಿಸಿಕೊಟ್ಟನು.

ಈ ಘಟನೆಯಿಂದ ದೊರೆಯುವ ಪಾಠ ಮರಗಳ ಪುಟ್ಟ ಸಂಗ್ರಹಕ್ಕೂ ಅನ್ವಯಿಸುತ್ತದೆ. ದಾಖಲಿಸದ ಲಕ್ಷಣದಿಂದ ಗುಂಪುಗೂಡಿಸಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ರಸ್ತೆಬದಿಯ ಮರಗಳು ಏಕೆ ಒಣಗುತ್ತಿವೆಯೆಂದು ತಿಳಿಯಬೇಕಾದರೆ ಬುಡಕ್ಕೆ ಕಾಂಕ್ರೀಟು ಹಾಕಿದೆಯೇ, ಕಾಂಡಕ್ಕೆ ಮೊಳೆ ಹೊಡೆದಿದೆಯೇ ಎಂಬ ಅಂಕಣಗಳು ಬೇಕು. ಅವುಗಳನ್ನು ತುಂಬಲು ಮರದ ಬಳಿಗೇ ಹೋಗಬೇಕು. ಅಂಕಣಗಳನ್ನು ಮನಬಂದಂತೆ ಹೆಚ್ಚಿಸಬಾರದು. ತುಂಬದ ಇಪ್ಪತ್ತು ಅಂಕಣಗಳಿಗಿಂತ ತುಂಬಿದ ಐದು ಮೇಲು. ‘ಕೆರೆ ಏರಿ’, ‘ಕೆರೆಯ ಏರಿ’ ಎಂದು ಒಂದೇ ಸ್ಥಳವನ್ನು ಎರಡು ಬಗೆಯಾಗಿ ಬರೆದರೆ ಯಂತ್ರವು ಎರಡು ಗುಂಪುಗಳನ್ನು ಮಾಡುವುದು. ಒಂದೊಂದೇ ಟಿಪ್ಪಣಿಯುಳ್ಳ ನೂರು ಗುಂಪುಗಳಾದರೆ ಅದು ಗುಂಪುಗೂಡಿಸಿದಂತೆಯೂ ಅಲ್ಲ.

ಬೆಲೆ ತುಂಬದ ಟಿಪ್ಪಣಿಗಳನ್ನು ಇಂಥ ತಂತ್ರಾಂಶಗಳು ಪ್ರತ್ಯೇಕವಾದ ಒಂದು ಗುಂಪಿನಲ್ಲಿ ತೋರಿಸುತ್ತವೆ. ನೋಟವು ಅಚ್ಚುಕಟ್ಟಾಗಿ ಕಾಣಲೆಂದು ಅದನ್ನು ಮರೆಮಾಡುವವರೇ ಹೆಚ್ಚು. ವಾಸ್ತವವಾಗಿ ಮೊದಲು ನೋಡಬೇಕಾದದ್ದು ಆ ಗುಂಪನ್ನೇ. ಯಾರೂ ಹೋಗಿ ನೋಡದ ಮರಗಳು, ಯಾರೂ ಕೇಳದ ಪ್ರಶ್ನೆಗಳು ಅಲ್ಲಿರುತ್ತವೆ. ಲಂಡನ್ನಿನ ದಾಖಲೆಗಳಲ್ಲಿ ನೀರಿನ ಅಂಕಣ ಖಾಲಿಯಾಗಿದ್ದಷ್ಟು ಕಾಲ ಜನರು ಗಾಳಿಯನ್ನು ದೂರುತ್ತಿದ್ದರಲ್ಲವೆ?

ವಿಂಗಡಣೆಯೆಂಬುದು ಪ್ರಶ್ನೆಯ ಇನ್ನೊಂದು ರೂಪ. ಪ್ರತಿಯೊಂದು ನೋಟವೂ ಒಂದನ್ನು ಬೆಳಗಿಸಿ ಇನ್ನೊಂದನ್ನು ಮರೆಯಲ್ಲಿಡುತ್ತದೆ. ಆದುದರಿಂದ ಒಂದೇ ನೋಟವನ್ನು ಕಂಡು ಎಲ್ಲವನ್ನೂ ಕಂಡೆನೆಂದು ತಿಳಿಯುವುದು ತರವಲ್ಲ. ಸಾವಿರಾರು ಟಿಪ್ಪಣಿಗಳನ್ನು ಕ್ಷಣಮಾತ್ರದಲ್ಲಿ ಗುಂಪುಗೂಡಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಯಾವುದರಿಂದ ಗುಂಪುಗೂಡಿಸಬೇಕೆಂದು ನಿರ್ಣಯಿಸುವುದೂ, ಅದಕ್ಕೆ ಬೇಕಾದುದನ್ನು ನಡೆದುಹೋಗಿ ನೋಡಿ ಬರೆದುಕೊಳ್ಳುವುದೂ ಮನುಷ್ಯನ ಪಾಲಿನ ಕೆಲಸವಾಗಿಯೇ ಉಳಿದಿದೆ.