ಪಾಸ್‌ಪೋರ್ಟ್ ಅರ್ಜಿಗೆ ಮುನ್ನ ಮಗುವಿನ ಜನನ ಪ್ರಮಾಣಪತ್ರ ತೆರೆದು ನೋಡಿ

ಸದಾಶಿವಗಡ: ನಮ್ಮ ಕಡೆಯ ಅನೇಕ ಕುಟುಂಬಗಳಲ್ಲಿ ಒಬ್ಬರಾದರೂ ಕೊಲ್ಲಿ ರಾಷ್ಟ್ರಗಳಲ್ಲೋ ಹಡಗಿನಲ್ಲೋ ದುಡಿಯುವವರಿದ್ದಾರೆ. ರಜೆಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಮಾತು ಬಂದಾಗ, ಮಗನಿಗೆ ಕೆಲಸದ ಕರೆ ಬಂದಾಗ ಎಲ್ಲರಿಗೂ ಪಾಸ್‌ಪೋರ್ಟಿನ ನೆನಪಾಗುತ್ತದೆ. ಆಗ ಅವಸರದಲ್ಲಿ ಅರ್ಜಿ ಹಾಕುತ್ತೇವೆ. ಅರ್ಜಿ ತುಂಬುವುದು ಕಷ್ಟದ ಕೆಲಸವಲ್ಲ. ಕಷ್ಟ ಇರುವುದು ನಮ್ಮ ಕಪಾಟಿನಲ್ಲಿರುವ ಹಳೆಯ ಕಾಗದಗಳಲ್ಲಿ. ಆದ್ದರಿಂದ ಮೊದಲು ಕಾಗದ, ಆಮೇಲೆ ಅರ್ಜಿ ಎಂಬುದು ನಮ್ಮ ಸಲಹೆ.

ಹೆಸರಿಲ್ಲದ ಜನನ ಪ್ರಮಾಣಪತ್ರ

ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ತಿಳಿಸಿ ನೋಂದಣಿ ಮಾಡಿಸಬೇಕು. ನಮ್ಮಲ್ಲಿ ಮಗುವಿನ ಹೆಸರು ಗಟ್ಟಿಯಾಗುವುದು ಸಾಮಾನ್ಯವಾಗಿ ದೀಕ್ಷಾಸ್ನಾನದ ದಿನ. ಅಷ್ಟರಲ್ಲಿ ಆಸ್ಪತ್ರೆಯಿಂದ ವಿವರ ಹೋಗಿ, ಹೆಸರಿನ ಜಾಗ ಖಾಲಿ ಇರುವ ಪ್ರಮಾಣಪತ್ರ ಕೈಗೆ ಬಂದಿರುತ್ತದೆ. ಚರ್ಚಿನ ಪುಸ್ತಕದಲ್ಲಿ ಹೆಸರು ಬರೆಸಿದ್ದಾಯಿತು ಎಂದು ನಾವು ನೆಮ್ಮದಿಯಿಂದ ಇದ್ದುಬಿಡುತ್ತೇವೆ. ಆದರೆ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ದಾಖಲೆಗಳ ಪಟ್ಟಿಯಲ್ಲಿ ದೀಕ್ಷಾಸ್ನಾನದ ಪ್ರಮಾಣಪತ್ರ ಇಲ್ಲ.

ಇದಕ್ಕೆ ಪರಿಹಾರ ಕಾನೂನಿನಲ್ಲೇ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಮಿನಂತೆ ಮಗುವಿನ ಹೆಸರನ್ನು ನಂತರವೂ ಸೇರಿಸಬಹುದು. ನೋಂದಣಿಯಾದ 12 ತಿಂಗಳೊಳಗಾದರೆ ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಜನನ ಎಲ್ಲಿ ನೋಂದಣಿಯಾಗಿದೆಯೋ ಅಲ್ಲಿಯ ನೋಂದಣಾಧಿಕಾರಿಯ ಬಳಿ ತಂದೆ ಅಥವಾ ತಾಯಿ ಕೇಳಿಕೊಳ್ಳಬೇಕು.

2025ರ ಫೆಬ್ರುವರಿಯಲ್ಲಿ ಪಾಸ್‌ಪೋರ್ಟ್ ನಿಯಮ ಬದಲಾದ ಮೇಲೆ ಇದು ಇನ್ನಷ್ಟು ಮುಖ್ಯವಾಗಿದೆ. 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದವರಿಗೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ಆಧಾರ. ಅದಕ್ಕೂ ಮೊದಲು ಹುಟ್ಟಿದವರು ಶಾಲೆ ಬಿಟ್ಟ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಪ್ಯಾನ್ ಕಾರ್ಡ್, ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ ಮುಂತಾದವುಗಳಲ್ಲಿ ಒಂದನ್ನು ತೋರಿಸಬಹುದು.

ಒಂದೇ ಹೆಸರು, ಒಂದೇ ಅಕ್ಷರ

ಫರ್ನಾಂಡಿಸ್ ಎಂಬ ಅಡ್ಡಹೆಸರಿನ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಕಾಗದದಲ್ಲಿ ಎಸ್, ಇನ್ನೊಂದರಲ್ಲಿ ಜೆಡ್. ಡಿಸೋಜ ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಎರಡು. ಮನೆಯಲ್ಲಿ ಕರೆಯುವ ಹೆಸರು ಆಧಾರ್‌ನಲ್ಲಿ, ದೀಕ್ಷಾಸ್ನಾನದ ಪೂರ್ಣ ಹೆಸರು ಶಾಲೆಯಲ್ಲಿ. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಕೌಂಟರಿನಲ್ಲಿ ತೊಂದರೆಯಿದೆ. ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಮೊದಲು ತಿದ್ದಿಸಿ.

ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರ್‌ನಲ್ಲಿ ನಿಯಮ ಮಾಡಿದೆ. ಹತ್ತನೆಯ ತರಗತಿ ಪಾಸಾದವರು ಆ ಪ್ರಮಾಣಪತ್ರವನ್ನೂ ಒಯ್ಯಬೇಕು. ಅದಿಲ್ಲದಿದ್ದರೆ ಪಾಸ್‌ಪೋರ್ಟ್ ‘ಇಸಿಆರ್’ ವರ್ಗಕ್ಕೆ ಸೇರಬಹುದು. ಆಗ ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗಲು ಪ್ರತ್ಯೇಕವಾಗಿ ವಲಸೆ ಅನುಮತಿ ಪಡೆಯಬೇಕಾಗುತ್ತದೆ.

ಮಕ್ಕಳ ಅರ್ಜಿ

18 ವರ್ಷದೊಳಗಿನವರಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ ‘ಡಿ’ ಬೇಕು. ತಂದೆ ಹಡಗಿನಲ್ಲಿದ್ದು ಒಪ್ಪಿಗೆಯ ಸಹಿ ಸಿಗದಂತಹ ಸಂದರ್ಭದಲ್ಲಿ ತಾಯಿ ಕಾರಣ ತಿಳಿಸಿ ಅನುಬಂಧ ‘ಸಿ’ ಕೊಡಬಹುದು. ಇವನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದರೆ ಸಾಕು. 2016ರ ಡಿಸೆಂಬರ್‌ನಿಂದ ನೋಟರಿ ಮುದ್ರೆ ಬೇಕಿಲ್ಲ. ಮಗುವನ್ನು ಕೇಂದ್ರಕ್ಕೆ ಕರೆದೊಯ್ಯಬೇಕು. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಭಾವಚಿತ್ರ ಒಯ್ಯಿರಿ. ತಂದೆ ತಾಯಿಯ ಪಾಸ್‌ಪೋರ್ಟ್ ಇದ್ದರೆ ಮೂಲ ಮತ್ತು ಪ್ರತಿ ಎರಡೂ ಜೊತೆಯಲ್ಲಿರಲಿ.

ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು. 15 ದಾಟಿದವರು ಬಯಸಿದರೆ ಹತ್ತು ವರ್ಷದ್ದನ್ನು ಪಡೆಯಬಹುದು.

ಅರ್ಜಿ ಎಲ್ಲಿ, ಹಣ ಎಷ್ಟು

ವಿದೇಶಾಂಗ ಸಚಿವಾಲಯದ ‘ಪಾಸ್‌ಪೋರ್ಟ್ ಸೇವಾ’ ತಾಣದಲ್ಲಿ ಅಥವಾ ‘ಎಂ-ಪಾಸ್‌ಪೋರ್ಟ್ ಸೇವಾ’ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿ, ಅರ್ಜಿ ತುಂಬಿ, ಹಣ ಕಟ್ಟಿ, ದಿನ ಗೊತ್ತುಮಾಡಿಕೊಳ್ಳಬೇಕು. 36 ಪುಟದ ಪಾಸ್‌ಪೋರ್ಟಿಗೆ ವಯಸ್ಕರಿಗೆ 1500 ರೂಪಾಯಿ, ಮಕ್ಕಳಿಗೆ 1000 ರೂಪಾಯಿ. ತತ್ಕಾಲ್ ಆದರೆ 2000 ರೂಪಾಯಿ ಹೆಚ್ಚು. ಅದೇ ಹೆಸರನ್ನು ಹೋಲುವ ನಕಲಿ ತಾಣಗಳೂ ಇವೆ. ಸರಕಾರಿ ತಾಣದ ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇರುತ್ತದೆ ಎಂಬುದನ್ನು ಗಮನಿಸಿ.

ನಾವು ಬೆಂಗಳೂರು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಸೇರಿದವರು. ಹಾಗೆಂದು ಬೆಂಗಳೂರಿಗೇ ಹೋಗಬೇಕಿಲ್ಲ. ಹುಬ್ಬಳ್ಳಿಯಲ್ಲಿ ಸೇವಾ ಕೇಂದ್ರವಿದೆ. ಅಂಚೆ ಕಚೇರಿಗಳಲ್ಲಿ ನಡೆಯುವ ಕೇಂದ್ರಗಳೂ 2017ರಿಂದ ಆರಂಭವಾಗಿವೆ. ಅರ್ಜಿಯ ವೇಳೆ ಕಾಣುವ ಪಟ್ಟಿಯಲ್ಲಿ ನಿಮಗೆ ಅನುಕೂಲವಾದುದನ್ನು ಆರಿಸಿ. 2018ರ ಜೂನ್‌ನಿಂದ ದೇಶದ ಯಾವ ಕಡೆಯಿಂದಲೂ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ ಗಡಿಯಾಚೆಯ ಪಣಜಿಯನ್ನೂ ಆರಿಸಿಕೊಳ್ಳಬಹುದು.

ಕೇಂದ್ರ ಯಾವುದಾದರೂ ಪೊಲೀಸ್ ವಿಚಾರಣೆ ನಡೆಯುವುದು ಅರ್ಜಿಯಲ್ಲಿ ಬರೆದ ವಿಳಾಸದಲ್ಲೇ. ಸದಾಶಿವಗಡದವರಿಗೆ ಅದು ಚಿತ್ತಾಕುಲ ಠಾಣೆ. ಗೋವೆಯಲ್ಲಿ ಬಾಡಿಗೆ ಮನೆ ಮಾಡಿ ಕೆಲಸದಲ್ಲಿರುವ ನಮ್ಮ ತರುಣರು ಇಲ್ಲಿ ಎಡವುತ್ತಾರೆ. ಊರ ಮನೆಯ ವಿಳಾಸ ಕೊಟ್ಟು, ಪೊಲೀಸರು ಬಂದಾಗ ಅಲ್ಲಿ ಇಲ್ಲದಿದ್ದರೆ ವರದಿ ವಿರುದ್ಧವಾಗಿ ಹೋಗಬಹುದು. ನಿಜವಾಗಿ ವಾಸವಿರುವ ವಿಳಾಸವನ್ನೇ ಬರೆಯಿರಿ, ಅದಕ್ಕೆ ಪುರಾವೆ ಇಟ್ಟುಕೊಳ್ಳಿ.

ಇಷ್ಟನ್ನೂ ಮನೆಯಲ್ಲಿ ಓದು ಬಲ್ಲ ಮಗ ಅಥವಾ ಮಗಳ ನೆರವಿನಿಂದ ಮಾಡಿಕೊಳ್ಳಬಹುದು. ಅರ್ಜಿ ತುಂಬಿಕೊಟ್ಟವರಿಗೆ ಅವರ ಶ್ರಮದ ಹಣ ಕೊಡುವುದು ಸರಿ; ಆದರೆ ‘ನಾನು ಮಾಡಿಸಿಕೊಡುತ್ತೇನೆ’ ಎನ್ನುವವರಿಗೆ ಸಾವಿರಗಟ್ಟಲೆ ಕೊಟ್ಟರೂ ಜನನ ಪ್ರಮಾಣಪತ್ರದ ಖಾಲಿ ಜಾಗ ತಾನಾಗಿ ತುಂಬುವುದಿಲ್ಲ. ಪ್ರಯಾಣದ ಯೋಚನೆ ಇರಲಿ ಇಲ್ಲದಿರಲಿ, ಪುಟ್ಟ ಮಕ್ಕಳಿರುವ ಮನೆಯವರು ಇಂದೇ ಆ ಪ್ರಮಾಣಪತ್ರವನ್ನು ಒಮ್ಮೆ ತೆರೆದು ನೋಡಬೇಕೆಂದು ನಮ್ಮ ವಿನಂತಿ.